ನಡೆಯುತ್ತಿರುವ ತಂತ್ರಾಂಶದೊಳಗಿನ ಅಕ್ಷರಸಾಕ್ಷ್ಯ

ಗಣಕಯಂತ್ರದ ಪರದೆಯ ಮೇಲೆ ಮೂಡುವ ಸೂಚನೆಗಳು, ಕಡತಗಳ ಹೆಸರುಗಳು, ಜಾಲತಾಣಗಳ ವಿಳಾಸಗಳು ತಂತ್ರಾಂಶದ ಒಡಲಿನಲ್ಲಿ ಅಕ್ಷರಗಳ ಸಾಲುಗಳಾಗಿ ಇರುತ್ತವೆ. ಇಂತಹ ಸಾಲಿಗೆ ತಂತ್ರಜ್ಞರು 'ಸ್ಟ್ರಿಂಗ್' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಅಕ್ಷರಸರಣಿ ಎನ್ನಬಹುದು. ತಂತ್ರಾಂಶದ ಮೂಲ ಬರಹವು ದೊರೆಯದಿದ್ದಾಗ, ಅದರ ಸಿದ್ಧರೂಪವನ್ನೇ ಪರಿಶೀಲಿಸಿ ರಚನೆಯನ್ನೂ ಉದ್ದೇಶವನ್ನೂ ಅರಿಯುವ ವಿದ್ಯೆಗೆ 'ರಿವರ್ಸ್ ಎಂಜಿನಿಯರಿಂಗ್' ಎಂದು ಹೆಸರು. ಈ ವಿದ್ಯೆಯಲ್ಲಿ ಅಕ್ಷರಸರಣಿಗಳ ಸಂಗ್ರಹವು ಸಾಮಾನ್ಯವಾಗಿ ಮೊದಲ ಹೆಜ್ಜೆಗಳಲ್ಲಿ ಒಂದು. ಸಂಶಯಾಸ್ಪದ ತಂತ್ರಾಂಶವೊಂದು ಯಾವ ಕಡತಗಳನ್ನು ತೆರೆಯುತ್ತದೆ, ಯಾವ ವಿಳಾಸಕ್ಕೆ ಮಾಹಿತಿ ರವಾನಿಸುತ್ತದೆ ಎಂಬುದರ ಸುಳಿವು ಇವುಗಳಿಂದ ದೊರೆಯುತ್ತದೆ.

ಕಡತದಲ್ಲಿ ಕಾಣುವುದು, ಕಾಣದಿರುವುದು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ 'ಸ್ಟ್ರಿಂಗ್ಸ್' ಎಂಬ ಸಣ್ಣ ಉಪಕರಣವಿದೆ. ಕಡತವೊಂದರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಓದಬಲ್ಲ ಅಕ್ಷರಗಳು ಒಟ್ಟಾಗಿ ಇರುವೆಡೆಯನ್ನೆಲ್ಲ ಅದು ಹುಡುಕಿ ಪಟ್ಟಿ ಮಾಡುತ್ತದೆ. 1986ರಲ್ಲಿ ಹರಡಿದ 'ಬ್ರೇನ್' ವೈರಸ್ಸಿನ ಒಳಗೆ ಅದನ್ನು ರಚಿಸಿದ ಲಾಹೋರಿನ ಸೋದರರ ಹೆಸರು, ವಿಳಾಸ ಹಾಗೂ ದೂರವಾಣಿ ಸಂಖ್ಯೆಗಳೇ ಇದ್ದವು. ಅಂತಹ ಕಾರ್ಯಕ್ರಮವನ್ನು ತೆರೆದು ನೋಡಿದರೆ ಸಾಕಿತ್ತು.

ಆ ದಿನಗಳು ಬಹುಬೇಗ ಮುಗಿದವು. ಆ ದಶಕದ ಕೊನೆಯ ವೇಳೆಗೇ 'ಕ್ಯಾಸ್ಕೇಡ್' ಎಂಬ ವೈರಸ್ ತನ್ನ ದೇಹದ ಬಹುಭಾಗವನ್ನು ಗೂಢಲಿಪಿಯಲ್ಲಿ ಮರೆಮಾಡಿಕೊಂಡಿತ್ತು. ಇಂದಿನ ಹಾನಿಕಾರಕ ತಂತ್ರಾಂಶಗಳಲ್ಲಿ ಅನೇಕವು ತಮ್ಮನ್ನು ಸಂಕುಚಿತಗೊಳಿಸಿಕೊಂಡು ಇಲ್ಲವೆ ಗೂಢಲಿಪಿಗೆ ಪರಿವರ್ತಿಸಿಕೊಂಡು ಬರುತ್ತವೆ. ಅಂತಹ ಕಡತವನ್ನು ಶೋಧಿಸಿದರೆ ಅರ್ಥಹೀನ ಚಿಹ್ನೆಗಳಷ್ಟೇ ಕೈಗೆ ಸಿಗುತ್ತವೆ.

ಸ್ಮೃತಿಯಲ್ಲಿ ಬಯಲಾಗುವ ಗುಟ್ಟು

ಆದರೆ ಈ ಮರೆಗೆ ಒಂದು ಮಿತಿಯುಂಟು. ಗೂಢಲಿಪಿಯಲ್ಲಿರುವ ಆಜ್ಞೆಯನ್ನು ಯಂತ್ರವು ನಡೆಸಲಾರದು. ಗೂಢಲಿಪಿಯಲ್ಲಿರುವ ವಿಳಾಸದೊಡನೆ ಸಂಪರ್ಕವನ್ನೂ ಬೆಳೆಸಲಾರದು. ಆದುದರಿಂದ ಕೆಲಸದ ಹೊತ್ತಿನಲ್ಲಿ, ಕ್ಷಣಕಾಲವಾದರೂ, ತಂತ್ರಾಂಶವು ತನ್ನ ಗುಟ್ಟನ್ನು ಗಣಕದ ಸ್ಮೃತಿಯಲ್ಲಿ ಸರಳರೂಪದಲ್ಲಿ ಇರಿಸಲೇಬೇಕಾಗುತ್ತದೆ. ಆ ಕ್ಷಣವನ್ನು ಹಿಡಿಯುವುದೇ ಪರಿಶೀಲಕನ ಕೆಲಸ.

ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು, ತಂತ್ರಾಂಶವು ನಡೆಯುತ್ತಿರುವಾಗ ಅದರ ಸ್ಮೃತಿಯ ಯಥಾಪ್ರತಿಯನ್ನು ತೆಗೆದು ಶೋಧಿಸುವುದು. ಎರಡನೆಯದು, 'ಡಿಬಗ್ಗರ್' ಎಂಬ ಉಪಕರಣದಿಂದ ತಂತ್ರಾಂಶವನ್ನು ಆಯ್ದ ಹಂತದಲ್ಲಿ ತಡೆದು ನಿಲ್ಲಿಸಿ, ಗೂಢಲಿಪಿಯು ಬಿಡಿಸಿಕೊಂಡ ಕೂಡಲೆ ಓದುವುದು. ಮೂರನೆಯದು, ಕಡತ ತೆರೆಯಲು ಅಥವಾ ಜಾಲವನ್ನು ಸಂಪರ್ಕಿಸಲು ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಗೆ ಸಲ್ಲಿಸುವ ಕೋರಿಕೆಗಳನ್ನು ದಾರಿಯಲ್ಲಿಯೇ ದಾಖಲಿಸಿಕೊಳ್ಳುವುದು. ಸ್ಮೃತಿಯಲ್ಲಿ ಅಲ್ಪಕಾಲ ಮಾತ್ರ ಉಳಿದು ಅಳಿಸಿಹೋಗುವ ಅಕ್ಷರಸರಣಿಗಳನ್ನು ಪಡೆಯಲು ಕೊನೆಯ ಎರಡು ಮಾರ್ಗಗಳು ಹೆಚ್ಚು ಉಪಯುಕ್ತ. ಈ ಪರೀಕ್ಷೆಗಳನ್ನೆಲ್ಲ ಇತರ ಯಂತ್ರಗಳಿಂದ ಬೇರ್ಪಡಿಸಿದ ಗಣಕದಲ್ಲಿಯೇ ನಡೆಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

ಶೋಧಿಸುವಾಗ ಲಿಪಿಯ ಸಂಕೇತಪದ್ಧತಿಯನ್ನೂ ಗಮನಿಸಬೇಕು. ಇಂಗ್ಲಿಷ್ ಅಕ್ಷರಕ್ಕೆ ಹಳೆಯ ಆಸ್ಕಿ ಪದ್ಧತಿಯಲ್ಲಿ 1 ಬೈಟ್ ಸಾಕು. 'ಕನ್ನಡ' ಎಂಬ ಪದವಾದರೋ ಯೂನಿಕೋಡಿನಲ್ಲಿ 5 ಸಂಕೇತಗಳಿಂದ ಕೂಡಿದ್ದು, ಯುಟಿಎಫ್-8 ಪದ್ಧತಿಯಲ್ಲಿ 15 ಬೈಟ್‌ಗಳನ್ನೂ ಯುಟಿಎಫ್-16 ಪದ್ಧತಿಯಲ್ಲಿ 10 ಬೈಟ್‌ಗಳನ್ನೂ ಆಕ್ರಮಿಸುತ್ತದೆ. ಆಸ್ಕಿ ಅಕ್ಷರಗಳನ್ನಷ್ಟೇ ಅರಸುವ ಉಪಕರಣಕ್ಕೆ ಭಾರತೀಯ ಭಾಷೆಯ ಸಂದೇಶಗಳು ಕಾಣಿಸುವುದಿಲ್ಲ.

ವನ್ನಾಕ್ರೈ ನೀಡಿದ ಪಾಠ

2017ರ ಮೇ 12ರಂದು 'ವನ್ನಾಕ್ರೈ' ಎಂಬ ತಂತ್ರಾಂಶವು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತ, 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅಲ್ಲಿನ ಯುವ ತಜ್ಞ ಮಾರ್ಕಸ್ ಹಚಿನ್ಸ್ ಅದನ್ನು ಪ್ರತ್ಯೇಕ ಪರಿಸರದಲ್ಲಿ ನಡೆಸಿ ನೋಡಿದಾಗ, ಯಾರೂ ನೋಂದಾಯಿಸದ ಒಂದು ವಿಚಿತ್ರ ವಿಳಾಸವನ್ನು ಅದು ಸಂಪರ್ಕಿಸಲು ಯತ್ನಿಸುತ್ತಿರುವುದು ಕಂಡುಬಂದಿತು. ಸುಮಾರು 10 ಡಾಲರ್ ವ್ಯಯಿಸಿ ಅವರು ಆ ವಿಳಾಸವನ್ನು ನೋಂದಾಯಿಸಿದರು. ಆ ವಿಳಾಸದಿಂದ ಉತ್ತರ ಬಂದರೆ ಮುಂದುವರಿಯದೆ ನಿಲ್ಲುವಂತೆ ತಂತ್ರಾಂಶವು ರಚಿತವಾಗಿತ್ತು. ಹೀಗಾಗಿ ಅದರ ಹರಡುವಿಕೆಗೆ ತಡೆಯುಂಟಾಯಿತು.

ಅದೇ ತಿಂಗಳು ಫ್ರಾನ್ಸಿನ ಆಡ್ರಿಯನ್ ಗಿನೆ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಬೀಗದ ಕೀಲಿಯನ್ನು ರೂಪಿಸಲು ಬಳಸಿದ ಅವಿಭಾಜ್ಯ ಸಂಖ್ಯೆಗಳು ವಿಂಡೋಸ್ ಎಕ್ಸ್‌ಪಿ ಯಂತ್ರಗಳ ಸ್ಮೃತಿಯಲ್ಲಿ ಕೆಲವೊಮ್ಮೆ ಅಳಿಯದೆ ಉಳಿದಿರುತ್ತಿದ್ದವು. ಅವುಗಳನ್ನು ಹುಡುಕಿ ತೆಗೆದು, ಹಣ ತೆರದೆಯೇ ಕೀಲಿಯನ್ನು ಮರಳಿ ಪಡೆಯಲು ಸಾಧ್ಯವಾಯಿತು. ಆದರೆ ಯಂತ್ರವನ್ನು ಆರಿಸಿ ಮತ್ತೆ ಚಾಲನೆಗೊಳಿಸಿದ್ದರೆ ಆ ಅವಕಾಶವು ಕೈತಪ್ಪುತ್ತಿತ್ತು.

ಕಾನೂನಿನ ಎಲ್ಲೆ

ಕಾನೂನುಬದ್ಧವಾಗಿ ಪಡೆದ ತಂತ್ರಾಂಶವನ್ನು ಅದರ ಉದ್ದೇಶಿತ ಬಳಕೆಯ ಸಂದರ್ಭದಲ್ಲಿ ಅವಲೋಕಿಸಿ, ಅದರ ಹಿಂದಿನ ತತ್ತ್ವಗಳನ್ನು ಅರಿಯಲು 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಅವಕಾಶ ನೀಡಿದೆ. ಆದರೆ ಪರರ ಗಣಕವನ್ನು ಅನುಮತಿಯಿಲ್ಲದೆ ಪ್ರವೇಶಿಸಿ ಮಾಹಿತಿ ತೆಗೆಯುವುದನ್ನು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ನಿಷೇಧಿಸುತ್ತದೆ. ಸ್ಮೃತಿಯ ಪ್ರತಿಯಲ್ಲಿ ಗುಪ್ತಪದಗಳೂ ಖಾಸಗಿ ಪತ್ರಗಳೂ ಸೇರಿಕೊಂಡಿರಬಹುದಾದ್ದರಿಂದ, ಅದನ್ನು ಗೋಪ್ಯ ದಾಖಲೆಯಂತೆಯೇ ಕಾಪಾಡಬೇಕು.

ನಾಗರಿಕರು ಮಾಡಬೇಕಾದುದು

ಗಣಕವು ಇಂತಹ ದಾಳಿಗೆ ಒಳಗಾದಾಗ ಗಾಬರಿಯಿಂದ ಅದನ್ನು ಆರಿಸುವುದು ಹಲವರ ಸಹಜ ಪ್ರವೃತ್ತಿ. ಮೊದಲು ಮಾಡಬೇಕಾದುದು ಜಾಲದ ತಂತಿಯನ್ನು ಕಳಚುವುದು ಮತ್ತು ವೈಫೈ ಸಂಪರ್ಕವನ್ನು ಕಡಿಯುವುದು. ಹಾಗೆ ಬೇರ್ಪಡಿಸಲು ಸಾಧ್ಯವಾಗದಿದ್ದಲ್ಲಿ ಮಾತ್ರ ಯಂತ್ರವನ್ನು ಆರಿಸಬೇಕು. ಏಕೆಂದರೆ ವಿದ್ಯುತ್ತು ನಿಂತೊಡನೆ ಸ್ಮೃತಿಯಲ್ಲಿದ್ದ ಸಾಕ್ಷ್ಯವೂ ಅಳಿದುಹೋಗುತ್ತದೆ. ಅನಂತರ ತಜ್ಞರ ನೆರವು ಪಡೆಯಬೇಕು. ಹಣಕಾಸಿನ ವಂಚನೆ ನಡೆದಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು. ಸಂಸ್ಥೆಗಳು ಇಂತಹ ಘಟನೆಗಳನ್ನು, ಅರಿವಿಗೆ ಬಂದ 6 ಗಂಟೆಗಳೊಳಗೆ 'ಸರ್ಟ್-ಇನ್' ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವು ವಿಧಿಸಿದೆ.

ವನ್ನಾಕ್ರೈ ಬಳಸಿದ ದೋಷಕ್ಕೆ ಪರಿಹಾರವು ದಾಳಿಗೆ ಎರಡು ತಿಂಗಳು ಮೊದಲೇ, 2017ರ ಮಾರ್ಚ್‌ನಲ್ಲಿ, ಬಿಡುಗಡೆಯಾಗಿತ್ತು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಮತ್ತು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸುವುದು ಎಲ್ಲರ ಕೈಗೆಟಕುವ ರಕ್ಷಣೆ. ಅದೂ ವಿಫಲವಾದ ಸಂದರ್ಭದಲ್ಲಿ, ಆರಿಸದೆ ಉಳಿಸಿದ ಯಂತ್ರದ ಸ್ಮೃತಿಯೇ ತಜ್ಞರಿಗೆ ದಾರಿ ತೋರಬಲ್ಲದು.