ನದೀಯಾನದ ಸಿದ್ಧತೆ

ಬೆಂಗಳೂರಿನ ವಾಯವ್ಯ ಭಾಗದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯಲ್ಲಿ ಬಾಗಲಗುಂಟೆ ಇದೆ. ಹಿಂದೆ ಹಳ್ಳಿಯಾಗಿದ್ದ ಈ ಊರು ಇಂದು ಮಹಾನಗರದ ಒಂದು ಬಡಾವಣೆ. ಇಂತಹ ಬಡಾವಣೆಗಳಲ್ಲಿ ಬೆಳೆಯುವ ಮಕ್ಕಳಿಗೆ ಕಾವೇರಿಯೆಂದರೆ ನಲ್ಲಿಯ ನೀರು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಆ ನೀರನ್ನು ನಗರಕ್ಕೆ ಎತ್ತಿ ತರುತ್ತವೆ. ಕೊಳವೆಯಲ್ಲಿ ನೀರು ಮನುಷ್ಯನ ಇಚ್ಛೆಯಂತೆ ಹರಿಯುತ್ತದೆ. ನದಿಯಲ್ಲಾದರೋ ಮನುಷ್ಯನೇ ನೀರಿನ ಗತಿಯನ್ನು ಅರಿತು ನಡೆಯಬೇಕು. ಕಾಡಿನ ನಡುವೆ ಹಲವು ದಿನ ನದಿಯ ಮೇಲೆ ಸಾಗುವ ಯಾನಕ್ಕೆ ಈ ಅರಿವೇ ತಳಹದಿ.

ಉದಾಹರಣೆಗೆ, ಶಿವನಸಮುದ್ರದ ಕೆಳಗಣ ಕಾವೇರಿಯನ್ನೇ ನೋಡೋಣ. ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿದ ನದಿಯು ಬೆಟ್ಟಗಳ ನಡುವೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳನ್ನು ಹಾದು, ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಇಲ್ಲಿಯ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದುದು. ನೀರು ಕುಡಿಯಲು ಬರುವ ಆನೆ, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ, ನೀರುನಾಯಿ ಇವೆಲ್ಲವೂ ಇಲ್ಲಿಯ ನಿವಾಸಿಗಳು. ಯಾತ್ರಿಕನು ಅತಿಥಿ ಮಾತ್ರ. ಆದುದರಿಂದ ಅರಣ್ಯ ಇಲಾಖೆಯ ಅನುಮತಿಯೇ ಸಿದ್ಧತೆಯ ಮೊದಲ ಮೆಟ್ಟಿಲು. ಅದು ದೊರೆಯದಿದ್ದರೆ ಆ ಯೋಜನೆಯನ್ನು ಅಲ್ಲಿಗೇ ಕೈಬಿಡಬೇಕು.

ಎರಡನೆಯದು ಕಾಲನಿರ್ಣಯ. ಮುಂಗಾರಿನಲ್ಲಿ ನದಿಯು ಉಕ್ಕಿ ಹರಿಯುತ್ತದೆ. ಬೇಸಗೆಯಲ್ಲಿ ಬಂಡೆಗಳು ತಲೆಯೆತ್ತುತ್ತವೆ. ಆದರೆ ತಿಂಗಳನ್ನು ನೋಡಿದರಷ್ಟೇ ಸಾಲದು. ಮುತ್ತತ್ತಿಯಲ್ಲಿ ಆಕಾಶವು ನಿರ್ಮಲವಾಗಿರುವಾಗಲೇ ಕೊಡಗಿನಲ್ಲಿ ಮಳೆ ಸುರಿಯುತ್ತಿರಬಹುದು. ಕೃಷ್ಣರಾಜಸಾಗರದಿಂದಲೋ ಕಬಿನಿ ಜಲಾಶಯದಿಂದಲೋ ನೀರನ್ನು ಹೊರಬಿಟ್ಟಿರಬಹುದು. ತಲೆಯ ಮೇಲಿನ ಆಕಾಶವನ್ನು ನಂಬಿ ನದಿಗೆ ಇಳಿಯುವವನು ಮೋಸಹೋಗುತ್ತಾನೆ. ಪ್ರವಾಹದ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನೆನ್ನೆ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟಿದ ಹರಿವು ಇಂದು ಆನೆಯನ್ನೂ ಕೊಚ್ಚಿಕೊಂಡು ಹೋಗಬಲ್ಲುದು. ಆದುದರಿಂದ ಹೊರಡುವ ಮುನ್ನ ಜಲಾಶಯಗಳ ಹೊರಹರಿವನ್ನು ವಿಚಾರಿಸಬೇಕು. ರಾತ್ರಿ ತಂಗುವಾಗ ಹಿಂದಿನ ಪ್ರವಾಹವು ಕಸಕಡ್ಡಿಗಳನ್ನು ಬಿಟ್ಟುಹೋದ ಗುರುತನ್ನು ಗಮನಿಸಿ, ಅದಕ್ಕಿಂತ ಎತ್ತರದಲ್ಲಿ ಬಿಡಾರ ಹೂಡಬೇಕು.

ಮೂರನೆಯದು ದಾರಿಯ ಜ್ಞಾನ. ಎಲ್ಲಿ ತೇಲಬಹುದು ಎಂಬುದಕ್ಕಿಂತ ಎಲ್ಲಿ ತೇಲಬಾರದು ಎಂಬುದನ್ನು ತಿಳಿದಿರುವುದು ಮುಖ್ಯ. ಸಂಗಮದಿಂದ ಸುಮಾರು 4 ಕಿಲೋಮೀಟರ್ ಕೆಳಗೆ ಇಡೀ ಕಾವೇರಿಯು ಮೇಕೆದಾಟುವಿನ ಇಕ್ಕಟ್ಟಾದ ಕಲ್ಲಿನ ಕಂದರದೊಳಗೆ ನುಗ್ಗುತ್ತದೆ. ಅಲ್ಲಿ ಯಾವ ದೋಣಿಯೂ ಉಳಿಯದು. ಯಾನವನ್ನು ಸಂಗಮದ ಮೊದಲೇ ಮುಗಿಸುವಂತೆ ನಕ್ಷೆಯಲ್ಲಿ ದಡ ಸೇರುವ ತಾಣವನ್ನು ಮುಂಚಿತವಾಗಿ ಗುರುತಿಸಿಡಬೇಕು. ನಡುವೆ ಸಿಕ್ಕುವ ರಭಸದ ಇಳಿಜಾರುಗಳಲ್ಲಿ ದಡಕ್ಕಿಳಿದು, ದೋಣಿಯನ್ನು ಹೊತ್ತು ನಡೆಯಬೇಕು.

ಇದಕ್ಕೆ ನಮ್ಮ ನಾಡಿನ ಹರಿಗೋಲು ಬಹಳ ಅನುಕೂಲ. ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ಈ ದುಂಡನೆಯ ದೋಣಿಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಇಂದು ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಆ ಕೆಲಸ ಮಾಡುತ್ತವೆ. ಚಪ್ಪಟೆ ತಳದ ಹರಿಗೋಲು ಅಲ್ಪ ನೀರಿನಲ್ಲಿಯೂ ತೇಲುತ್ತದೆ. ಹಗುರವಾದುದರಿಂದ ಹೊರಲೂ ಸುಲಭ. ಆದರೆ ಅದಕ್ಕೆ ಮುಂದು ಹಿಂದುಗಳಿಲ್ಲ. ಹುಟ್ಟು ಹಾಕಲು ಬಾರದವನ ಕೈಯಲ್ಲಿ ಅದು ಬುಗುರಿಯಂತೆ ಸುತ್ತುತ್ತದೆ. ಆ ಮಡುಗಳನ್ನೂ ಬಂಡೆಗಳನ್ನೂ ಬಲ್ಲ ಸ್ಥಳೀಯ ಅಂಬಿಗನಿಲ್ಲದೆ ಹೊರಡಲಾಗದು. ಈಜು ಬಲ್ಲವರೂ ಜೀವರಕ್ಷಕ ಅಂಗಿಯನ್ನು ತೊಟ್ಟೇ ಕೂರಬೇಕು.

ಆಹಾರದ ವಿಷಯದಲ್ಲಿ ಅಮೆರಿಕದ ಒಂದು ಯಾನವು ಸ್ಮರಣೀಯವಾಗಿದೆ. ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ ಎಂಬಾತನು 1869ರ ಮೇ 24ರಂದು 9 ಮಂದಿ ಸಂಗಡಿಗರು, 4 ದೋಣಿಗಳು ಮತ್ತು 10 ತಿಂಗಳ ಆಹಾರದೊಡನೆ ಕೊಲರಾಡೋ ನದಿಯ ಕಣಿವೆಗಳನ್ನು ಶೋಧಿಸಲು ಹೊರಟನು. ಕೆಲವೇ ದಿನಗಳಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಆಹಾರವನ್ನು ಬೇರೆ ಬೇರೆ ದೋಣಿಗಳಿಗೆ ಹಂಚಿದ್ದುದರಿಂದ ತಂಡವು ಉಳಿಯಿತು. ಆದರೂ ಉಳಿದ ಹಿಟ್ಟು ಪದೇ ಪದೇ ನೆನೆದು ಮುಗ್ಗಿತು; ಮಾಂಸ ಕೆಟ್ಟಿತು. ಹಸಿವು ಮತ್ತು ಭಯದಿಂದ ಬಳಲಿದ ಮೂವರು ಆಗಸ್ಟ್ 28ರಂದು ನದಿಯನ್ನು ತೊರೆದು ಬೆಟ್ಟವನ್ನೇರಿದರು. ಅವರು ಮರಳಲಿಲ್ಲ; ದಾರಿಯಲ್ಲಿ ಹತರಾದರು. ನದಿಯಲ್ಲಿ ಮುಂದುವರಿದವರು ಎರಡೇ ದಿನಗಳಲ್ಲಿ ಯಾನವನ್ನು ಮುಗಿಸಿದರು. ಧಾನ್ಯವನ್ನು ನೀರು ತಾಗದ ಚೀಲಗಳಲ್ಲಿ ಬಿಗಿಯಾಗಿ ಕಟ್ಟಬೇಕು. ಎಲ್ಲವನ್ನೂ ಒಂದೇ ದೋಣಿಯಲ್ಲಿ ಇಡಬಾರದು. ಲೆಕ್ಕಕ್ಕಿಂತ ಕೆಲವು ದಿನಗಳ ಆಹಾರ ಹೆಚ್ಚಾಗಿರಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಕಡೆಯದಾಗಿ, ಮನೆಯವರಿಗೆ ಒಂದು ಬರಹವನ್ನು ಕೊಟ್ಟು ಹೊರಡಬೇಕು. ಯಾವ ದಿನ ಎಲ್ಲಿ ತಂಗುವುದು, ಯಾವ ದಿನ ಮರಳುವುದು, ಮರಳದಿದ್ದರೆ ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. ಕಣಿವೆಯಲ್ಲಿ ದೂರವಾಣಿಯನ್ನು ನಂಬಲಾಗದು.

ಇಷ್ಟೆಲ್ಲ ಸಿದ್ಧವಾದ ಮೇಲೂ ಹೊರಡುವ ಬೆಳಿಗ್ಗೆ ನೀರು ಕೆಂಪಾಗಿ ಏರುತ್ತಿದ್ದರೆ, ಅಂಬಿಗನು ಬೇಡವೆಂದರೆ, ಹಿಂದಿರುಗುವುದೇ ವಿವೇಕ. ಹಾಗೆ ಹಿಂದಿರುಗುವುದು ಹೇಡಿತನವಲ್ಲ. ಅದೂ ಸಿದ್ಧತೆಯ ಒಂದು ಅಂಗ. ನದಿ ಮುಂದಿನ ವರ್ಷವೂ ಹರಿಯುತ್ತದೆ. ಅದನ್ನು ನೋಡಲು ನಾವು ಉಳಿದಿರಬೇಕು.