ವೈಲಿ ಅವೆನ್ಯೂದ ಕ್ಷೌರದಂಗಡಿ

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ಊರು. 1940ರ ದಶಕದ ಆರಂಭದಲ್ಲಿ ಅಲ್ಲಿನ ಹೈಸ್ಕೂಲ್ ಹುಡುಗನೊಬ್ಬ ಎರಡು ಚಿತ್ರ ಬರೆದ. ಒಂದು, ಜಾತ್ರೆಗಳಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಮರಗುದುರೆಗಳದ್ದು. ಇನ್ನೊಂದು, ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ವೈಲಿ ಅವೆನ್ಯೂದ ಕ್ಷೌರದಂಗಡಿ. ಹೂದಾನಿಯನ್ನೋ ಸೂರ್ಯೋದಯವನ್ನೋ ಬಿಟ್ಟು, ದಿನಾ ಜನ ತಲೆಕೊಟ್ಟು ಕೂರುವ ಅಂಗಡಿಯೂ ಚಿತ್ರಕ್ಕೆ ವಸ್ತುವಾದೀತು ಎಂದು ಆ ವಯಸ್ಸಿನಲ್ಲೇ ಅವನಿಗೆ ಹೊಳೆದಿತ್ತಲ್ಲ, ಅದೇ ನನ್ನನ್ನು ಈ ಕಥೆಯ ಕಡೆಗೆ ಎಳೆದದ್ದು.

ಹುಡುಗನ ಹೆಸರು ಫಿಲಿಪ್ ಪರ್ಲ್‌ಸ್ಟೈನ್. ಹುಟ್ಟಿದ್ದು 1924ರಲ್ಲಿ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಪ್ಪ ಕೋಳಿ, ಮೊಟ್ಟೆ ಮಾರಿ ಸಂಸಾರ ನಡೆಸಿದರು. ಅಂಥ ಕೈಬಿಗಿತದಲ್ಲೂ ಮಗನನ್ನು ಶನಿವಾರ ಬೆಳಿಗ್ಗೆ ಕಾರ್ನೆಗೀ ಮ್ಯೂಸಿಯಂನ ಚಿತ್ರಕಲೆಯ ತರಗತಿಗೆ ಕಳಿಸುವುದನ್ನು ತಂದೆತಾಯಿ ನಿಲ್ಲಿಸಲಿಲ್ಲ. ಆ ಎರಡು ಚಿತ್ರಗಳು ಸ್ಕೊಲಾಸ್ಟಿಕ್ ಪತ್ರಿಕೆಯವರು ದೇಶದ ಶಾಲಾಮಕ್ಕಳಿಗಾಗಿ ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಬಹುಮಾನ ಪಡೆದವು. ಅಷ್ಟಕ್ಕೇ ಮುಗಿಯಲಿಲ್ಲ. ಆಗ ಮನೆಮನೆಗೂ ಹೋಗುತ್ತಿದ್ದ ‘ಲೈಫ್’ ವಾರಪತ್ರಿಕೆ ಅವನ್ನು ಬಣ್ಣದಲ್ಲಿ ಅಚ್ಚು ಹಾಕಿತು.

ಮುಂದೆ ಯುದ್ಧ ಬಂತು. ಪರ್ಲ್‌ಸ್ಟೈನ್ ಸೈನ್ಯಕ್ಕೆ ಸೇರಿ, ತರಬೇತಿಗೆ ಬೇಕಾದ ರೇಖಾಚಿತ್ರಗಳನ್ನು ಬರೆದು, ಇಟಲಿಗೆ ಹೋಗಿ ಬಂದು, ಪಿಟ್ಸ್‌ಬರ್ಗ್‌ನ ಕಾರ್ನೆಗೀ ತಾಂತ್ರಿಕ ಸಂಸ್ಥೆಯಲ್ಲಿ ಓದು ಮುಂದುವರಿಸಿದರು. ಅಲ್ಲಿ ಅವರಿಗೆ ಸಿಕ್ಕ ಕಿರಿಯ ಸಹಪಾಠಿ ಆಂಡಿ ವಾರ್ಹೋಲ್. ಅದೇ ಶನಿವಾರದ ತರಗತಿಗಳಲ್ಲಿ ಕೂತು ಬೆಳೆದ ಹುಡುಗ ಆತನೂ. ಪ್ರಸಿದ್ಧನಾಗಿರುವುದು ಹೇಗಿರುತ್ತದೆ ಎಂದು ಆಂಡಿ ಕೇಳಿದನಂತೆ. ಅದು ಕೆಲವೇ ನಿಮಿಷ ಇತ್ತಪ್ಪಾ ಎಂದು ತಾವು ಉತ್ತರಿಸಿದ್ದಾಗಿ ಪರ್ಲ್‌ಸ್ಟೈನ್ ಆಮೇಲೆ ನೆನೆಯುತ್ತಿದ್ದರು. 1949ರಲ್ಲಿ ಇಬ್ಬರೂ ಜೊತೆಯಾಗಿ ನ್ಯೂಯಾರ್ಕಿಗೆ ಹೊರಟು ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. ವಾರ್ಹೋಲ್ ಸೂಪಿನ ಡಬ್ಬಿಗಳ ಚಿತ್ರಗಳಿಂದ ಲೋಕಕ್ಕೆಲ್ಲ ಗೊತ್ತಾದರು. ಪರ್ಲ್‌ಸ್ಟೈನ್ ಅಮೂರ್ತ ಚಿತ್ರಗಳ ಅಬ್ಬರದ ನಡುವೆ ಕಣ್ಣಿಗೆ ಕಂಡ ಮನುಷ್ಯದೇಹವನ್ನೇ ಹಟ ಹಿಡಿದು ಬರೆದರು. ಕ್ಷೌರದಂಗಡಿಯ ಮುಂದೆ ನಿಂತ ಹುಡುಗನ ಕಣ್ಣೇ ಆ ಹಟದಲ್ಲೂ ಇತ್ತೆಂದು ನನಗೆ ಅನ್ನಿಸುತ್ತದೆ.

ಆ ಹುಡುಗ ಗೆದ್ದ ಸ್ಕೊಲಾಸ್ಟಿಕ್ ಸ್ಪರ್ಧೆಯನ್ನು 1923ರಲ್ಲಿ ಹುಟ್ಟುಹಾಕಿದವರು ಪಿಟ್ಸ್‌ಬರ್ಗ್ ಸೀಮೆಯವರೇ ಆದ ಮಾರಿಸ್ ರಾಬಿನ್ಸನ್. ಶಾಲಾಮಕ್ಕಳಿಗಾಗಿ ಅವರು ಪತ್ರಿಕೆ ತೆಗೆದದ್ದು ಅದಕ್ಕೂ ಮೂರು ವರ್ಷ ಮೊದಲು. ಆಟದಲ್ಲಿ ಗೆದ್ದವರಿಗೆ ಶಾಲೆಯಲ್ಲಿ ಸಿಗುವ ಮರ್ಯಾದೆ ಬರೆಯುವ, ಚಿತ್ರಿಸುವ ಮಕ್ಕಳಿಗೂ ಸಿಗಬೇಕೆಂಬುದು ಅವರ ಆಸೆ. 1928ರಲ್ಲಿ ಮೊದಲ ರಾಷ್ಟ್ರೀಯ ಚಿತ್ರಪ್ರದರ್ಶನ ಅದೇ ಮ್ಯೂಸಿಯಂ ಇರುವ ಕಾರ್ನೆಗೀ ಸಂಸ್ಥೆಯಲ್ಲೇ ನಡೆಯಿತು. ಸಾಹಿತ್ಯ ವಿಭಾಗದಲ್ಲಿ ಗೆದ್ದವರಲ್ಲಿ ಸಿಲ್ವಿಯಾ ಪ್ಲಾತ್, ಟ್ರೂಮನ್ ಕಪೋಟಿ ಇದ್ದಾರೆ.

ಈಗ ಇದು ಬಹಳ ದೊಡ್ಡದು. ಏಳರಿಂದ ಹನ್ನೆರಡನೇ ತರಗತಿಯವರೆಗಿನ, 13 ವರ್ಷ ತುಂಬಿದ ಮಕ್ಕಳು ಕೃತಿ ಕಳಿಸಬಹುದು. ಮೊದಲು ಆಯಾ ಪ್ರಾಂತ್ಯದ ಮಟ್ಟದ ಆಯ್ಕೆ. ಅಲ್ಲಿ ಗೋಲ್ಡ್ ಕೀ, ಅಂದರೆ ಚಿನ್ನದ ಕೀಲಿ, ಪಡೆದ ಕೃತಿ ಮಾತ್ರ ರಾಷ್ಟ್ರಮಟ್ಟಕ್ಕೆ ಹೋಗುತ್ತದೆ. ಅಲ್ಲಿ ಗೆದ್ದವರಿಗೆ ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ಸನ್ಮಾನ. ತೀರ್ಪುಗಾರರ ಕೋಣೆಯ ಒಂದು ಕ್ರಮ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವರ ಮುಂದೆ ಬರುವುದು ಕೃತಿ ಮಾತ್ರ, ಮಗುವಿನ ಹೆಸರಲ್ಲ. ಯಾರ ಮಗಳು, ಯಾವ ಶಾಲೆ ಎಂಬ ಮಾತೇ ಅಲ್ಲಿಲ್ಲ. ಕೈಚಳಕ ಇದೆಯೇ, ಹೊಸತನ ಇದೆಯೇ ಎಂದು ನೋಡುವುದರ ಜೊತೆಗೆ, ಈ ಮಗುವಿಗೆ ತನ್ನದೇ ದನಿ ಮೂಡುತ್ತಿದೆಯೇ ಎಂದೂ ಹುಡುಕುತ್ತಾರೆ. ಮೂಡಿರಬೇಕೆಂಬ ಹಟವಿಲ್ಲ, ಮೂಡುತ್ತಿದ್ದರೆ ಸಾಕು. ಹದಿನೈದರ ವಯಸ್ಸನ್ನು ಅರಿತವರು ಮಾಡಿದ ಅಳತೆಗೋಲು ಇದು. ಗೆರೆ ನೇರವಾಗಿದೆಯೇ, ಬಣ್ಣ ಅಂಚು ದಾಟಿದೆಯೇ ಎಂದಷ್ಟೇ ನೋಡಿಸಿಕೊಂಡು ಬೆಳೆದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಆದರೆ ಕೃತಿ ಆ ಕೋಣೆಯವರೆಗೆ ಹೋಗಬೇಕಲ್ಲ. ಪ್ರವೇಶಶುಲ್ಕವಿದೆ. ಕೊಡಲಾಗದವರಿಗೆ ವಿನಾಯಿತಿಯೂ ಇದೆ, ನಿಜ. ಆದರೆ ಅಂಥದ್ದೊಂದಿದೆ ಎಂದು ಹೇಳಿ, ಫಾರಂ ತುಂಬಿಸಿ, ಚಿತ್ರದ ಫೋಟೋ ಸರಿಯಾಗಿ ತೆಗೆಸಿ ಕಳಿಸುವವರು ಸಾಮಾನ್ಯವಾಗಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಶಾಲೆಗಳ ಖರ್ಚಿಗೆ ಕತ್ತರಿ ಬಿದ್ದಾಗ ಮೊದಲು ಹೋಗುವ ಹುದ್ದೆಗಳಲ್ಲಿ ಅವರದೂ ಒಂದು, ಅಮೆರಿಕದಲ್ಲೂ. ಮೇಷ್ಟ್ರಿಲ್ಲದ ಶಾಲೆಯ ಮಗುವಿನ ಚಿತ್ರ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೇ ಉಳಿದುಬಿಡುತ್ತದೆ. ಹೆಸರು ಮುಚ್ಚಿಟ್ಟು ತೀರ್ಪು ಕೊಡುವಷ್ಟು ನ್ಯಾಯವಂತರಿಗೂ ತಮ್ಮ ಮೇಜಿಗೆ ಬಾರದ ಚಿತ್ರವನ್ನು ಕಾಣಲಾಗದು. ಕೋಳಿ ಮಾರುವವನ ಮಗನಿಗೆ ಶನಿವಾರದ ತರಗತಿಯೊಂದು ತೆರೆದಿತ್ತು, ಹಾಗಾಗಿ ಅವನ ಅಂಗಡಿ ಆ ಮೇಜು ತಲುಪಿತು.

ಪರ್ಲ್‌ಸ್ಟೈನ್ 2022ರ ಡಿಸೆಂಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷವೇ ಸ್ಪರ್ಧೆಗೆ ನೂರು ತುಂಬಿತು.

ವೈಲಿ ಅವೆನ್ಯೂ? ಕಪ್ಪು ಜನರ ಅಂಗಡಿಗಳು, ಜಾಸ್ ಸಂಗೀತದ ಅಡ್ಡೆಗಳು ತುಂಬಿದ್ದ ಆ ಬೀದಿಯ ಕೆಳಭಾಗವನ್ನು 1950ರ ದಶಕದ ಕೊನೆಗೆ ನಗರ ನವೀಕರಣದ ಹೆಸರಿನಲ್ಲಿ ಕೆಡವಿದರು. ಹಿಲ್ ಡಿಸ್ಟ್ರಿಕ್ಟಿನ ಕೆಳಭಾಗದಿಂದ 8,000ಕ್ಕೂ ಹೆಚ್ಚು ಜನ ಎದ್ದುಹೋಗಬೇಕಾಯಿತು. ಆ ಜಾಗದಲ್ಲಿ 1961ರಲ್ಲಿ ದೊಡ್ಡ ಗುಮ್ಮಟದ ಕ್ರೀಡಾಂಗಣ ಬಂತು. ಐವತ್ತು ವರ್ಷ ಕಳೆದ ಮೇಲೆ ಅದನ್ನೂ ಕೆಡವಿದರು. ಶಾಲಾಹುಡುಗ ಬರೆದ ಅಂಗಡಿಯಲ್ಲಿ ಮಾತ್ರ ಇವತ್ತೂ ಕ್ಷೌರ ನಡೆದೇ ಇದೆ.