ಕೈ ಖಾಲಿಯಿದ್ದರೆ ಸಾಕೇ? ಚಾಲಕರು ನಂಬಿರುವುದು ಮತ್ತು ಕಾನೂನು ಹೇಳುವುದು

ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುವವರು ಕರ್ನಾಟಕದ ಯಾವ ಊರಿಗೆ ಹೋದರೂ ಕಾಣಸಿಗುತ್ತಾರೆ. ಕುತ್ತಿಗೆ ಒಂದು ಕಡೆಗೆ ವಾಲಿರುತ್ತದೆ. ಹೆಲ್ಮೆಟ್‌ನ ಪಟ್ಟಿ ಸಡಿಲವಾಗಿರುತ್ತದೆ, ಬಿಗಿದರೆ ಫೋನ್ ಒಳಗೆ ತೂರುವುದಿಲ್ಲ. ಪೊಲೀಸರು ತಡೆದಾಗ ಹೇಳುವ ಉತ್ತರವೂ ಎಲ್ಲ ಕಡೆ ಒಂದೇ: “ಕೈಯಲ್ಲಿ ಹಿಡಿದಿಲ್ವಲ್ಲ ಸಾರ್, ಎರಡೂ ಕೈ ಹ್ಯಾಂಡಲ್ ಮೇಲೇ ಇದೆ.”

ಈ ಉತ್ತರ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2019ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ರೂಪದಲ್ಲಿ, ಅಪಾಯಕಾರಿ ಚಾಲನೆಗೆ ಸಂಬಂಧಿಸಿದ ಸೆಕ್ಷನ್ 184ಕ್ಕೆ ಒಂದು ವಿವರಣೆ ಸೇರಿತು. ಕೆಂಪು ದೀಪ ದಾಟುವುದು, ಸ್ಟಾಪ್ ಫಲಕ ಕಡೆಗಣಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು, ಇವುಗಳ ಸಾಲಿನಲ್ಲೇ ಗಾಡಿ ಓಡಿಸುವಾಗ ಮೊಬೈಲ್‌ನಂಥ, ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸುವುದನ್ನೂ ಹೆಸರಿಸಲಾಗಿದೆ. ಅದೇ ಪಟ್ಟಿಯ ಕೊನೆಯ ಬಾಬ್ತು ಇನ್ನೂ ವಿಶಾಲ: ಎಚ್ಚರದಿಂದ ಓಡಿಸುವ ಸಮರ್ಥ ಚಾಲಕನಿಂದ ನಿರೀಕ್ಷಿಸುವ ಮಟ್ಟಕ್ಕಿಂತ ತೀರಾ ಕೆಳಗಿರುವ ಯಾವ ಚಾಲನೆಯೂ, ಅದರಿಂದ ಅಪಾಯವಾಗುವುದು ಸ್ಪಷ್ಟವಿದ್ದರೆ, ಅಪರಾಧವೇ. ಫೋನ್ ಬೆರಳ ನಡುವೆ ಇತ್ತೋ ಹೆಲ್ಮೆಟ್ ಒಳಗಿತ್ತೋ ಎಂಬ ವಾದಕ್ಕೆ ಇಲ್ಲಿ ಹೆಚ್ಚು ಬೆಲೆ ಸಿಗದು. 2024ರಲ್ಲಿ ಬೆಂಗಳೂರಿನಲ್ಲಿ ಮೊಬೈಲನ್ನು ಬಟ್ಟೆಯಿಂದ ತಲೆಗೆ ಕಟ್ಟಿಕೊಂಡು ಸ್ಕೂಟರ್ ಓಡಿಸಿದ ಮಹಿಳೆಯೊಬ್ಬರ ವಿಡಿಯೊ ಹರಿದಾಡಿತು. ಅವರ ಎರಡೂ ಕೈ ಖಾಲಿ ಇದ್ದವು, ದಂಡ ತಪ್ಪಲಿಲ್ಲ. 2025ರ ಫೆಬ್ರುವರಿಯಲ್ಲಿ ಅದೇ ನಗರದಲ್ಲಿ ಕಾರು ಓಡಿಸುತ್ತಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಿದ್ದವರಿಗೂ ಸಂಚಾರ ಪೊಲೀಸರು ದಂಡ ಹಾಕಿದರು.

“ಹೈಕೋರ್ಟೇ ತಪ್ಪಲ್ಲ ಎಂದಿದೆ” ಎನ್ನುವವರೂ ಇದ್ದಾರೆ. ಈ ಮಾತಿನ ಮೂಲ ಕೇರಳದಲ್ಲಿದೆ. 2018ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟ್‌ನ ವಿಭಾಗೀಯ ಪೀಠ, ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತನಾಡಿದ ಮಾತ್ರಕ್ಕೆ ಕೇರಳ ಪೊಲೀಸ್ ಕಾಯ್ದೆಯ ಸೆಕ್ಷನ್ 118(ಇ) ಅಡಿ ಪ್ರಕರಣ ಹೂಡಲಾಗದು ಎಂದಿತು. ಸಾರ್ವಜನಿಕರಿಗೆ ಅಪಾಯ ಉಂಟುಮಾಡುವವರನ್ನು ಕುರಿತ ಆ ಸೆಕ್ಷನ್ನಿನಲ್ಲಿ ಫೋನಿನ ಪ್ರಸ್ತಾಪವಿಲ್ಲ ಎಂಬುದು ಪೀಠದ ತರ್ಕ. ಒಂದು ರಾಜ್ಯದ ಪೊಲೀಸ್ ಕಾಯ್ದೆಯ ಒಂದು ಸೆಕ್ಷನ್ನಿಗೆ ಸೀಮಿತವಾದ ತೀರ್ಪು ಅದು. ತಲೆಬರಹಗಳಲ್ಲಿ ಮಾತ್ರ ‘ಡ್ರೈವಿಂಗ್ ವೇಳೆ ಫೋನ್ ಅಪರಾಧವಲ್ಲ’ ಎಂದು ದೇಶವಿಡೀ ಓಡಾಡಿತು. ಮರುವರ್ಷವೇ ಸಂಸತ್ತು ಕೇಂದ್ರ ಕಾಯ್ದೆಯಲ್ಲಿ ಸಂವಹನ ಸಾಧನವನ್ನು ಹೆಸರು ಹಿಡಿದು ಬರೆಯಿತು. ಹೀಗಾಗಿ ಆ ತೀರ್ಪನ್ನು ಮುಂದೆ ಹಿಡಿದು ಇಂದು ಯಾರೂ ಪಾರಾಗಲಾರರು.

ಸಿಗ್ನಲ್‌ನಲ್ಲಿ ನಿಂತಾಗ ನೋಡಬಹುದಲ್ಲವೇ? ಸೆಕ್ಷನ್ 184ರಲ್ಲಿ ಕೆಂಪು ದೀಪಕ್ಕೆಂದು ಯಾವ ವಿನಾಯಿತಿಯೂ ಇಲ್ಲ. ಅದಲ್ಲದೆ ಕ್ಯಾಮೆರಾಗಳು ಇರುವುದೂ ಜಂಕ್ಷನ್‌ಗಳಲ್ಲೇ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಆರಂಭವಾದ ಐಟಿಎಂಎಸ್ ಎಂಬ ಕ್ಯಾಮೆರಾ ವ್ಯವಸ್ಥೆ ಅತಿವೇಗ, ತ್ರಿಬಲ್ ರೈಡಿಂಗ್, ಸೀಟ್ ಬೆಲ್ಟ್ ಹಾಕದಿರುವುದರ ಜೊತೆಗೆ ಕಿವಿಗಿಟ್ಟ ಮೊಬೈಲನ್ನೂ ಗುರುತಿಸುತ್ತದೆ. ಪೊಲೀಸರು ಕಣ್ಣಿಗೆ ಬೀಳಲಿಲ್ಲ ಎಂದರೆ ಪ್ರಕರಣವಾಗಿಲ್ಲ ಎಂದು ನಿಶ್ಚಿಂತರಾಗುವ ಕಾಲ ಹೋಯಿತು. ನೋಟಿಸ್ ನೇರ ಫೋನಿಗೇ ಬರುತ್ತದೆ.

ಮ್ಯಾಪ್ ನೋಡುವ ವಿಷಯದಲ್ಲಿ ಗೊಂದಲ ಎರಡೂ ಕಡೆಗಿದೆ. ಕೆಲವರು ಫೋನ್ ಮುಟ್ಟುವುದೇ ಅಪರಾಧ ಎಂದು ತಿಳಿದಿದ್ದಾರೆ, ಕೆಲವರು ಮ್ಯಾಪ್ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದುಕೊಂಡಿದ್ದಾರೆ. ಕೇಂದ್ರ ಸಾರಿಗೆ ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮ ಇದನ್ನು ಬಿಡಿಸಿ ಹೇಳಿದೆ: ಚಾಲನೆಯ ವೇಳೆ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕದಡದ ಹಾಗೆ. ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿನಲ್ಲೋ ಹ್ಯಾಂಡಲ್‌ಬಾರಿನ ಹೋಲ್ಡರಿನಲ್ಲೋ ಕೂರಿಸಿದ ಫೋನು ದಾರಿ ಹೇಳಿದರೆ ತಪ್ಪಿಲ್ಲ. ಓಡುತ್ತಿರುವ ಗಾಡಿಯಲ್ಲಿ ಊರಿನ ಹೆಸರು ಟೈಪ್ ಮಾಡುವುದು, ಪರದೆಯ ಮೇಲೆ ಇಳಿದುಬಂದ ವಾಟ್ಸ್ಆ್ಯಪ್ ಸಂದೇಶ ತೆರೆಯುವುದು ಈ ಅನುಮತಿಯೊಳಗೆ ಬರುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರೂ ಇದನ್ನು ಗಮನಿಸಬೇಕು. ನಮ್ಮವರು ಬಹಳ ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ, ಫೋನನ್ನು ಕೈಯಲ್ಲಿ ಹಿಡಿದು ಮ್ಯಾಪ್ ನೋಡಿದರೂ ಅಪರಾಧ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2025ರ ಜೂನ್‌ನಲ್ಲಿ ತೀರ್ಪು ಕೊಟ್ಟಿದೆ. ಬ್ರಿಟನ್ನಿನಲ್ಲಿ 2022ರ ಮಾರ್ಚ್ 25ರಿಂದ ಕೈಯಲ್ಲಿ ಫೋನ್ ಹಿಡಿದು ಫೋಟೊ ತೆಗೆಯುವುದು, ಹಾಡು ಬದಲಿಸುವುದೂ ನಿಷಿದ್ಧ. ದಂಡ 200 ಪೌಂಡ್, ಜೊತೆಗೆ ಲೈಸೆನ್ಸ್ ಮೇಲೆ ಆರು ಪೆನಾಲ್ಟಿ ಪಾಯಿಂಟ್.

ಇನ್ನು ದಂಡ. “ದುಡ್ಡು ಕಟ್ಟಿದರೆ ಮುಗಿಯಿತು” ಎಂಬುದು ಬಹುಪಾಲು ಜನರ ತಿಳಿವಳಿಕೆ. ಕರ್ನಾಟಕದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ದರ ಇಳಿಸಿದ ಮೇಲೆ ಮೊದಲ ಬಾರಿ ಸಿಕ್ಕಿಬಿದ್ದ ದ್ವಿಚಕ್ರ, ತ್ರಿಚಕ್ರ ವಾಹನದವರಿಗೆ 1,500 ರೂಪಾಯಿ, ಕಾರಿನವರಿಗೆ 3,000 ರೂಪಾಯಿ. ಇದು ಪ್ರಕರಣವನ್ನು ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಮೊತ್ತವಷ್ಟೇ. ಮೂಲ ಸೆಕ್ಷನ್ನಿನಲ್ಲಿರುವ ಶಿಕ್ಷೆ ಬೇರೆಯೇ ಇದೆ: ಮೊದಲ ಸಲ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಇದರ ಮೇಲೆ ಲೈಸೆನ್ಸಿನ ಪ್ರಶ್ನೆ. ಸೆಕ್ಷನ್ 184ರ ಅಪರಾಧ ಕಂಡಾಗ ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸುವ ಅಧಿಕಾರ ಪೊಲೀಸರಿಗಿದೆ. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತಾ ಸಮಿತಿಯು, ಫೋನ್ ಬಳಸಿ ಸಿಕ್ಕಿಬಿದ್ದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕೆಂದು 2015ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಅಪಘಾತದಲ್ಲಿ ಯಾರಾದರೂ ಸತ್ತರಂತೂ ವಿಷಯ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ಕ್ಕೆ ಹೋಗುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಗರಿಷ್ಠ ಎರಡು ವರ್ಷದ ಸಜೆಯಿತ್ತು, 2024ರ ಜುಲೈ 1ರಿಂದ ಐದು ವರ್ಷ. ಆ ಕ್ಷಣದಲ್ಲಿ ಕರೆ ನಡೆಯುತ್ತಿತ್ತೇ ಎಂಬುದಕ್ಕೆ ಮೊಬೈಲ್ ಕಂಪನಿಯ ದಾಖಲೆಯೇ ಸಾಕ್ಷಿಯಾಗುತ್ತದೆ.

ಇಷ್ಟನ್ನೂ ಒಪ್ಪುವವರು ಒಂದು ನಂಬಿಕೆಯನ್ನು ಮಾತ್ರ ಬಿಡಲೊಲ್ಲರು: ಬ್ಲೂಟೂತ್ ಇದ್ದರೆ, ಕಾರಿನ ಸ್ಪೀಕರಿನಲ್ಲಿ ಮಾತನಾಡಿದರೆ ಅಪಾಯವಿಲ್ಲ. ಕಾರು ಕಂಪನಿಗಳೂ ಇದನ್ನೊಂದು ಸುರಕ್ಷತೆಯ ಸೌಲಭ್ಯವೆಂಬಂತೆಯೇ ಮಾರುತ್ತವೆ. ಕಾನೂನು ನಿರ್ದಿಷ್ಟವಾಗಿ ಹೆಸರಿಸಿರುವುದು ಕೈಯಲ್ಲಿ ಹಿಡಿಯುವ ಸಾಧನವನ್ನು, ಯಾಕೆಂದರೆ ಪೊಲೀಸರಿಗೂ ಕ್ಯಾಮೆರಾಕ್ಕೂ ಕಾಣುವುದು ಅದೇ. ಚಾಲಕನ ಮನಸ್ಸು ಎಲ್ಲಿದೆ ಎಂದು ಯಾವ ಕ್ಯಾಮೆರಾವೂ ಹೇಳಲಾರದು. ಕಾನೂನು ಹಿಡಿಯಬಲ್ಲದ್ದು ಇಷ್ಟು ಎಂದಾಕ್ಷಣ ಅಪಾಯವೂ ಇಷ್ಟೇ ಎಂದು ತಿಳಿಯುವುದೇ ಈ ಎಲ್ಲ ತಪ್ಪು ಕಲ್ಪನೆಗಳ ಬೇರು.

ಸಂಶೋಧನೆಗಳು ಬೇರೆಯದೇ ಕಥೆ ಹೇಳುತ್ತವೆ. ಕೆನಡಾದ ಟೊರಾಂಟೊದಲ್ಲಿ ರೆಡೆಲ್ಮೈಯರ್ ಮತ್ತು ಟಿಬ್ಶಿರಾನಿ ಎಂಬ ವಿಜ್ಞಾನಿಗಳು ಅಪಘಾತಕ್ಕೀಡಾದ 699 ಚಾಲಕರ ಫೋನ್ ಬಿಲ್ಲುಗಳನ್ನು ಅಪಘಾತದ ಸಮಯದೊಂದಿಗೆ ತಾಳೆ ಹಾಕಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕರೆಯಲ್ಲಿದ್ದಾಗ ಡಿಕ್ಕಿಯ ಸಂಭವ ನಾಲ್ಕು ಪಟ್ಟು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಅದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ ಚಾಲಕರ ಅಧ್ಯಯನದಲ್ಲೂ ಅದೇ ನಾಲ್ಕು ಪಟ್ಟು, ಹ್ಯಾಂಡ್ಸ್‌ಫ್ರೀ ಆದರೂ ಅಷ್ಟೇ.

ಹಾಗಾದರೆ ಪಕ್ಕದ ಸೀಟಿನವರ ಜೊತೆ ಹರಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಈ ಪ್ರಶ್ನೆಯನ್ನೇ ಎತ್ತಿಕೊಂಡು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿಮ್ಯುಲೇಟರಿನಲ್ಲಿ ಪರೀಕ್ಷೆ ನಡೆಸಿದರು. ಹೆದ್ದಾರಿಯಲ್ಲಿ ಸಾಗಿ ಒಂದು ವಿಶ್ರಾಂತಿ ತಾಣದ ತಿರುವಿನಲ್ಲಿ ಇಳಿಯಬೇಕು, ಅಷ್ಟೇ ಕೆಲಸ. ಪಕ್ಕದಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಮಾತನಾಡಿದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಕೈ ಖಾಲಿ ಬಿಟ್ಟು ಫೋನಿನಲ್ಲಿ ಮಾತನಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಿರುವು ತಪ್ಪಿಸಿಕೊಂಡರು. ಪಕ್ಕದಲ್ಲಿರುವವರಿಗೆ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ಮಾತು ನಿಲ್ಲಿಸುತ್ತಾರೆ, “ಹುಷಾರು” ಎನ್ನುತ್ತಾರೆ. ಫೋನಿನ ಆ ಕಡೆಯವರಿಗೆ ಇಲ್ಲಿ ಲಾರಿ ಬಂದದ್ದು ಗೊತ್ತಾಗುವುದಿಲ್ಲ. ಅವರು ತಮ್ಮ ಮಾತು ಮುಂದುವರಿಸುತ್ತಲೇ ಇರುತ್ತಾರೆ, ಚಾಲಕನೂ “ಹ್ಞೂಂ, ಹ್ಞೂಂ” ಎನ್ನುತ್ತಾ ಹೋಗುತ್ತಾನೆ.

ಟೈಪ್ ಮಾಡುವುದು ಇನ್ನೂ ಕೆಟ್ಟದ್ದು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬಂದ ಸಂದೇಶ ನೋಡಿ ‘ಓಕೆ’ ಒತ್ತಲು ಐದು ಸೆಕೆಂಡ್ ಬೇಕಾದರೆ 80 ಮೀಟರಿಗೂ ಹೆಚ್ಚು ದೂರ ಕಣ್ಣಿಲ್ಲದೆ ಸಾಗಿದಂತೆ. ಶಾಲೆಯ ಗೇಟು, ಜೀಬ್ರಾ ಕ್ರಾಸಿಂಗ್, ಬಸ್ ನಿಲ್ದಾಣ ಮೂರೂ ಅಷ್ಟರೊಳಗೆ ಬಂದುಹೋಗಬಹುದು.

ಕೊನೆಯದಾಗಿ ಅಂಕಿಅಂಶದ ಸಬೂಬು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಮೊಬೈಲ್ ಬಳಕೆ ಕಾರಣವೆಂದು ದಾಖಲಾದ ಸಾವು 3,395, ಅಂದರೆ ನೂರಕ್ಕೆ ಎರಡು. “ಇಷ್ಟೇ ತಾನೆ” ಎನ್ನುವವರು ಹಿಂದಿನ ವರ್ಷದ ಲೆಕ್ಕವನ್ನೂ ನೋಡಬೇಕು. 2021ರಲ್ಲಿ ಹೀಗೆ ದಾಖಲಾದ ಸಾವು 1,040. ಒಂದೇ ವರ್ಷದಲ್ಲಿ ಜನರ ಚಟ ಮೂರು ಪಟ್ಟು ಬೆಳೆದಿರಲಾರದು, ದಾಖಲಿಸುವುದರಲ್ಲೇ ಏರುಪೇರಿದೆ ಎನ್ನುವುದು ಹೆಚ್ಚು ಸರಿ. ಅಪಘಾತದ ಸ್ಥಳಕ್ಕೆ ಬಂದ ಪೊಲೀಸರಿಗೆ ಜಜ್ಜಿಹೋದ ಗಾಡಿ ಕಾಣುತ್ತದೆ, ಬ್ರೇಕ್ ಹಾಕಿದ ಗುರುತು ಕಾಣುತ್ತದೆ. ಕಡಿದುಹೋದ ಕರೆ ಕಾಣುವುದಿಲ್ಲ. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳು ‘ಅತಿವೇಗ’ದ ಲೆಕ್ಕಕ್ಕೆ ಹೋಗುವಾಗ ಅವುಗಳಲ್ಲಿ ಫೋನಿನ ಪಾಲೆಷ್ಟು ಎಂದು ಹುಡುಕುವ ವ್ಯವಸ್ಥೆ ನಮ್ಮಲ್ಲಿ ಬರಬೇಕು. ಗಂಭೀರ ಅಪಘಾತವಾದಾಗಲೆಲ್ಲ ಕರೆಯ ದಾಖಲೆ ಪರಿಶೀಲಿಸುವುದನ್ನು ತನಿಖೆಯ ಕಡ್ಡಾಯ ಭಾಗವಾಗಿಸುವುದು ಕಷ್ಟದ ಕೆಲಸವೇನಲ್ಲ.

ಕರೆ ಮಾಡುವವರ ಹೊಣೆಯೂ ಇದರಲ್ಲಿದೆ. ಊಟ ತರುತ್ತಿರುವ ಹುಡುಗನಿಗೆ, ಕರೆದೊಯ್ಯಲು ಬರುತ್ತಿರುವ ಆಟೊದವರಿಗೆ, ಆಫೀಸಿನಿಂದ ಹೊರಟ ಗಂಡನಿಗೋ ಹೆಂಡತಿಗೋ “ಎಲ್ಲಿದ್ದೀರಿ” ಎಂದು ಫೋನಾಯಿಸುವ ಮುನ್ನ ಅವರು ಗಾಡಿಯ ಮೇಲಿರಬಹುದು ಎಂದು ನೆನೆಸಿಕೊಳ್ಳಿ. ಆ ಕಡೆಯಿಂದ ಹಾರ್ನ್ ಸದ್ದು ಕೇಳಿಸಿದರೆ “ಗಾಡಿ ನಿಲ್ಲಿಸಿದ ಮೇಲೆ ಮಾಡಿ” ಎಂದಷ್ಟೇ ಹೇಳಿ, ನೀವೇ ಕರೆ ಮುಗಿಸಿಬಿಡಿ.